ಗೋಣಿ ಸೊಪ್ಪಿನ ಮಡಿಯಲ್ಲಿ ಮೊಟ್ಟೆಯಿಡುತ್ತಿರುವ ಈ ಕಿತ್ತಳೆ ಚಿಟ್ಟೆ ಯಾವುದು?

ಹಿತ್ತಿಲ ಮಡಿ, ಕುಕನೂರು

ಎಲ್ಲರಿಗೂ ನಮಸ್ಕಾರ. ನಮ್ಮ ಹಿತ್ತಿಲಿನಲ್ಲಿ ಬಚ್ಚಲ ನೀರು ಹರಿದುಹೋಗುವ ಕಡೆ ಗೋಣಿ ಸೊಪ್ಪು ಪ್ರತಿ ವರ್ಷವೂ ತಾನಾಗಿಯೇ ಹಬ್ಬುತ್ತದೆ. ಈ ಶ್ರಾವಣದ ಮಳೆಗೆ ಎರಡು ಹೊರಸಿನಷ್ಟು ಅಗಲಕ್ಕೆ ಹಬ್ಬಿದೆ. ನಾಲ್ಕು ದಿನಗಳಿಂದ, ಬಿಸಿಲು ಏರುವ ಹೊತ್ತಿಗೆ ಸರಿಯಾಗಿ, ಒಂದು ಚಿಟ್ಟೆ ಅಲ್ಲಿಗೆ ಬರುತ್ತಿದೆ. ರೆಕ್ಕೆ ಬಿಚ್ಚಿದರೆ ಅಂಗೈ ಅಗಲವಾಗುತ್ತದೆ. ಬಣ್ಣ ಕಾವಿಗೆ ಹತ್ತಿರವಾದ ಕಿತ್ತಳೆ. ಮುಂದಿನ ರೆಕ್ಕೆಯ ತುದಿ ಕಪ್ಪಾಗಿದ್ದು, ಆ ಕಪ್ಪಿನ ಮೇಲೆ ಓರೆಯಾಗಿ ಒಂದು ಬಿಳಿ ಪಟ್ಟಿ ಇದೆ. ನೋಡಿದ ಕೂಡಲೇ ಪ್ಲೇನ್ ಟೈಗರ್ ಎಂದುಕೊಂಡೆ, ಏಕೆಂದರೆ ಕೊಪ್ಪಳ ಸೀಮೆಯಲ್ಲಿ ಬೆಳೆದವರಿಗೆ ಪಾತರಗಿತ್ತಿ ಎಂದರೆ ಮೊದಲು ಕಣ್ಣಿಗೆ ಕಟ್ಟುವುದೇ ಅದು.

ಗೊಂದಲವಾದದ್ದು ಅದರ ನಡವಳಿಕೆಯನ್ನು ನೋಡಿ. ಅದು ಹೂವಿನ ಕಡೆ ಹೋಗದೆ, ನೆಲಕ್ಕೆ ತಾಗುವಂತೆ ಹಾರುತ್ತಾ, ಗೋಣಿ ಸೊಪ್ಪಿನ ದಂಟುಗಳ ನಡುವೆ ನಡೆದಾಡುತ್ತಾ, ಹೊಟ್ಟೆಯ ತುದಿಯನ್ನು ಬಾಗಿಸಿ ಎಲೆಯ ಅಡಿಗೆ ಮೊಟ್ಟೆ ಅಂಟಿಸುತ್ತಿತ್ತು. ಪ್ಲೇನ್ ಟೈಗರ್ ಮೊಟ್ಟೆಯಿಡುವುದು ಎಕ್ಕದ ಎಲೆಗೆ ಎಂದು ಓದಿದ್ದೇನೆ. ಎಕ್ಕದ ಗಿಡ ನಮ್ಮ ಬೇಲಿಯಲ್ಲೇ, ಹತ್ತು ಮಾರಿನಾಚೆ, ಆಳೆತ್ತರ ಬೆಳೆದು ನಿಂತಿದೆ. ಅದನ್ನು ಬಿಟ್ಟು, ನಾವು ಪಲ್ಯ ಮಾಡುವ ಸೊಪ್ಪಿಗೆ ಇದು ಬಂದದ್ದೇಕೆ? ಹತ್ತಿರ ಹೋದರೆ ಹಾರಿಬಿಡುವುದರಿಂದ ಸ್ಪಷ್ಟವಾದ ಚಿತ್ರ ಸಿಕ್ಕಿಲ್ಲ.

ಕೋಟೆಯ ನೆರಳು, ರಾಯಚೂರು

ನೀವು ಹೇಳಿದ ಬಣ್ಣ, ಕಪ್ಪು ತುದಿ, ಬಿಳಿ ಪಟ್ಟಿ ಎಲ್ಲವೂ ಪ್ಲೇನ್ ಟೈಗರಿನವೇ ಆಗಿವೆ. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳಲ್ಲಿ ವರ್ಷದ ಹನ್ನೆರಡು ತಿಂಗಳೂ ಕಾಣುವ ಚಿಟ್ಟೆ ಅದು. ರಾಯಚೂರು ಕೋಟೆಯ ಗೋಡೆಯ ಬಿರುಕುಗಳಲ್ಲಿ ಎಕ್ಕ ಬೆಳೆದಿರುವ ಕಡೆ ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿಯೂ ಅದನ್ನು ನೋಡಿದ್ದೇನೆ. ಮೊಟ್ಟೆಯ ವಿಷಯಕ್ಕೆ ಬಂದರೆ, ಹುಳುಗಳೂ ಕೆಲವೊಮ್ಮೆ ತಪ್ಪು ಮಾಡುತ್ತವೆ. ಎಕ್ಕದ ಪಕ್ಕದಲ್ಲಿದ್ದ ಬೇರೆ ಗಿಡಕ್ಕೆ ಮೊಟ್ಟೆಯಿಟ್ಟಿರಬಹುದು. ಇದರಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ ಎಂದು ನನಗೆ ಅನ್ನಿಸುತ್ತದೆ.

ನಾರಿಹಳ್ಳದ ದಂಡೆ, ಸಂಡೂರು

ಒಮ್ಮೆ ತಪ್ಪಾಗಬಹುದು, ನಾಲ್ಕು ದಿನ, ಅದೇ ಹೊತ್ತಿಗೆ, ಅದೇ ಮಡಿಗೆ ಬಂದು ಮೊಟ್ಟೆಯಿಟ್ಟರೆ ಅದು ತಪ್ಪಲ್ಲ. ಹೆಣ್ಣು ಚಿಟ್ಟೆ ಎಲೆಯ ಮೇಲೆ ಕಾಲೂರಿದಾಗ ತನ್ನ ಪಾದಗಳಿಂದಲೇ ಎಲೆಯ ರುಚಿಯನ್ನು ಅರಿಯುತ್ತದೆ. ಮರಿಗೆ ಆಗದ ಎಲೆಯಾದರೆ ಎದ್ದು ಹೋಗುತ್ತದೆ. ಆದುದರಿಂದ ಗುರುತಿನ ಮಟ್ಟಿಗೆ ನಾನು ಬಣ್ಣಕ್ಕಿಂತ ಗಿಡವನ್ನು ಹೆಚ್ಚು ನಂಬುತ್ತೇನೆ. ಪ್ಲೇನ್ ಟೈಗರಿನ ಮರಿಗೆ ಬೇಕಾದದ್ದು ಎಕ್ಕ ಮತ್ತು ಎಕ್ಕದ ಬಳಗಕ್ಕೆ ಸೇರಿದ, ಮುರಿದರೆ ಹಾಲು ಸುರಿಸುವ ಗಿಡಬಳ್ಳಿಗಳು. ಗೋಣಿ ಸೊಪ್ಪು ಆ ಬಳಗದ್ದಲ್ಲ.

ನಿಮ್ಮ ಚಿಟ್ಟೆ ನಾಳೆಯೂ ಬಂದರೆ ಮುಂದಿನ ರೆಕ್ಕೆಯನ್ನು ನೋಡಬೇಡಿ. ನಮ್ಮೆಲ್ಲರ ಕಣ್ಣು ಮೊದಲು ಹೋಗುವುದು ಅಲ್ಲಿಗೇ, ಮೋಸ ಹೋಗುವುದೂ ಅಲ್ಲಿಯೇ. ಹಿಂದಿನ ರೆಕ್ಕೆಯನ್ನು ನೋಡಿ. ಪ್ಲೇನ್ ಟೈಗರ್ ಆಗಿದ್ದರೆ ಆ ರೆಕ್ಕೆಯ ನಡುಭಾಗದಲ್ಲಿ ಕನಿಷ್ಠ ಮೂರು ಕಪ್ಪು ಚುಕ್ಕೆಗಳು ಒಂದಕ್ಕೊಂದು ಹತ್ತಿರದಲ್ಲಿ ಇರಲೇಬೇಕು, ರೆಕ್ಕೆ ಮುಚ್ಚಿದಾಗ ಹೊರಮೈಯಲ್ಲಿಯೂ ಅವು ಕಾಣುತ್ತವೆ. ಜೊತೆಗೆ ರೆಕ್ಕೆಯ ಅಂಚು ಕತ್ತರಿಯಿಂದ ಕತ್ತರಿಸಿದಂತೆ ನಯವಾಗಿದೆಯೇ ಅಥವಾ ಬಳೆಚೂರುಗಳನ್ನು ಸಾಲಾಗಿ ಜೋಡಿಸಿದಂತೆ ಅಲೆಅಲೆಯಾಗಿದೆಯೇ ಎಂಬುದನ್ನೂ ಗಮನಿಸಿ. ಬಿಸಿಲು ಏರುವ ಮೊದಲು, ಅದು ರೆಕ್ಕೆ ಬಿಚ್ಚಿ ಮೈ ಕಾಯಿಸಿಕೊಳ್ಳುವ ಹೊತ್ತಿನಲ್ಲಿ, ನಿಮ್ಮ ನೆರಳು ಅದರ ಮೇಲೆ ಬೀಳದಂತೆ ಕುಳಿತರೆ ನೋಡಲು ಸಾಧ್ಯವಾಗುತ್ತದೆ.

ಹಿತ್ತಿಲ ಮಡಿ, ಕುಕನೂರು

ಈ ದಿನ ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಕುಳಿತು ನೋಡಿದೆ. ಹಿಂದಿನ ರೆಕ್ಕೆಯ ನಡುವೆ ಚುಕ್ಕೆಗಳೇ ಇಲ್ಲ. ಮೇಲಂಚಿನಲ್ಲಿ ಮಾತ್ರ, ಮುಂದಿನ ರೆಕ್ಕೆ ಅರ್ಧ ಮುಚ್ಚಿಕೊಳ್ಳುವ ಜಾಗದಲ್ಲಿ, ಒಂದೇ ಒಂದು ದೊಡ್ಡ ಕಪ್ಪು ಮಚ್ಚೆಯಿದೆ. ಅಂಚು ನಯವಾಗಿಲ್ಲ, ಅಲೆಅಲೆಯಾಗಿದೆ, ಪ್ರತಿ ತಗ್ಗಿನಲ್ಲಿಯೂ ಬಿಳಿಯ ಎಳೆ ಇಟ್ಟಂತಿದೆ. ಕಲ್ಲಿನ ಮೇಲೆ ತಂಬಿಗೆ ಸದ್ದಾದಾಗ ಅದು ಪ್ಲೇನ್ ಟೈಗರಿನಂತೆ ಸಾವಕಾಶವಾಗಿ ತೇಲಿಹೋಗಲಿಲ್ಲ, ಬಾಣದಂತೆ ಮಾಳಿಗೆಯ ಮೇಲೆ ಹಾರಿಹೋಯಿತು. ಇದು ಏನು?

ನಾರಿಹಳ್ಳದ ದಂಡೆ, ಸಂಡೂರು

ಇನ್ನು ಸಂಶಯವಿಲ್ಲ. ನೀವು ನೋಡುತ್ತಿರುವುದು ಡಾನೈಡ್ ಎಗ್‌ಫ್ಲೈ ಚಿಟ್ಟೆಯ ಹೆಣ್ಣು. ಶಾಸ್ತ್ರೀಯ ಹೆಸರು ಹೈಪೋಲಿಮ್ನಾಸ್ ಮಿಸಿಪ್ಪಸ್. ಪ್ಲೇನ್ ಟೈಗರ್ ಎಂದರೆ ಡನಾಯಸ್ ಕ್ರಿಸಿಪ್ಪಸ್. ಹೆಸರಿನ ಕೊನೆಯಲ್ಲಿ ಪ್ರಾಸವಿದೆ. ಎರಡಕ್ಕೂ ಹೆಸರಿಟ್ಟವನು ಜೀವಿಗಳಿಗೆ ಶಾಸ್ತ್ರೀಯ ಹೆಸರಿಡುವ ಪದ್ಧತಿ ತಂದ ಲಿನೇಯಸ್ಸನೇ, ಪ್ಲೇನ್ ಟೈಗರಿಗೆ 1758ರಲ್ಲಿ, ಇದಕ್ಕೆ 1764ರಲ್ಲಿ. ಎರಡೂ ರೆಕ್ಕೆ ಬಿಚ್ಚಿದಾಗ ಸುಮಾರು 7ರಿಂದ 8 ಸೆಂಟಿಮೀಟರ್ ಅಗಲವಾಗಿರುವುದರಿಂದ ಗಾತ್ರದಿಂದ ಬೇರ್ಪಡಿಸಲು ಬರುವುದಿಲ್ಲ. ಎರಡೂ ಒಂದೇ ದೊಡ್ಡ ಕುಟುಂಬಕ್ಕೆ ಸೇರಿದ್ದರೂ ಬೇರೆ ಬೇರೆ ಕವಲಿನವು, ಹತ್ತಿರದ ನೆಂಟರಲ್ಲ.

ಎಗ್‌ಫ್ಲೈ ಮರಿಯ ಆಹಾರದಲ್ಲಿ ಗೋಣಿ ಸೊಪ್ಪಿಗೆ ಮೊದಲ ಸ್ಥಾನ. ಗೋರಂಟೆಯ ಜಾತಿಯ ಗಿಡಗಳನ್ನೂ, ದಾಸವಾಳದ ಬಳಗದ ಕೆಲವು ಗಿಡಗಳನ್ನೂ ಅದು ತಿನ್ನುತ್ತದೆ. ಅಂದರೆ ನಿಮ್ಮ ಚಿಟ್ಟೆ ದಾರಿ ತಪ್ಪಿ ಬಂದದ್ದಲ್ಲ. ಅದು ಬರಬೇಕಾದ ಮಡಿಗೇ ಬಂದಿದೆ.

ಪಾಠದ ಹಲಗೆ, ಲಿಂಗಸುಗೂರು

ಇದನ್ನು ಓದಿ ನಾನು ನನ್ನ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ನಾನು ಪಾಠ ಮಾಡುವ ಶಾಲೆಯಲ್ಲಿ ಮಕ್ಕಳಿಗಾಗಿ ಊರಿನ ಚಿಟ್ಟೆಗಳ ಒಂದು ಚಿತ್ರಪಟ ಮಾಡಿಸಿದ್ದೆ. ಅದರಲ್ಲಿ ಪ್ಲೇನ್ ಟೈಗರ್ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದು ಹಾಕಿದ ಚಿತ್ರವನ್ನು ಈಗ ಹೋಗಿ ನೋಡಿದರೆ ಹಿಂದಿನ ರೆಕ್ಕೆಯಲ್ಲಿ ಒಂದೇ ಮಚ್ಚೆಯಿದೆ. ನಾಲ್ಕು ವರ್ಷ ಅದು ಗೋಡೆಯ ಮೇಲಿತ್ತು, ನಾಲ್ಕು ತರಗತಿಯ ಮಕ್ಕಳು ಅದನ್ನು ನೋಡಿ ಬರೆದುಕೊಂಡರು. ಚಿತ್ರ ನಾನೇ ತೆಗೆದದ್ದು, ಆದ್ದರಿಂದ ಬೇರೆಯವರ ಮೇಲೆ ಹಾಕುವಂತೆಯೂ ಇಲ್ಲ.

ಮಕ್ಕಳಿಗೆ ತಿದ್ದಿ ಹೇಳುವ ಮೊದಲು ಒಂದು ಸಂಗತಿ ಖಚಿತವಾಗಬೇಕು. ಪಟ್ಟೆ ಪಟ್ಟೆಯಾಗಿರುವ ಇನ್ನೊಂದು ಕಿತ್ತಳೆ ಚಿಟ್ಟೆಯೂ ನಮ್ಮ ಕಡೆ ಇದೆಯಲ್ಲ, ಅದು ಇದರ ಗಂಡೇ?

ನಾರಿಹಳ್ಳದ ದಂಡೆ, ಸಂಡೂರು

ಅಲ್ಲ, ಅದು ಸ್ಟ್ರೈಪ್ಡ್ ಟೈಗರ್, ಡನಾಯಸ್ ಜೆನೂಷಿಯಾ. ಅದರ ರೆಕ್ಕೆಯ ನರಗಳ ಮೇಲೆಲ್ಲ ದಪ್ಪನೆಯ ಕಪ್ಪು ಗೆರೆ ಎಳೆದಿರುತ್ತದೆ, ಒಮ್ಮೆ ನೋಡಿದವರು ಮತ್ತೆ ಪ್ಲೇನ್ ಟೈಗರಿನ ಜೊತೆ ಕಲಸಿಕೊಳ್ಳುವುದಿಲ್ಲ.

ಎಗ್‌ಫ್ಲೈ ಗಂಡನ್ನು ಮಕ್ಕಳಿಗೆ ತೋರಿಸಿದರೆ ಅವರು ನಿಮ್ಮನ್ನು ನಂಬಲಿಕ್ಕಿಲ್ಲ. ಅದು ಅಚ್ಚ ಕಪ್ಪು. ಮುಂದಿನ ಪ್ರತಿ ರೆಕ್ಕೆಯಲ್ಲಿ ಎರಡು, ಹಿಂದಿನ ಪ್ರತಿ ರೆಕ್ಕೆಯಲ್ಲಿ ಒಂದು ದೊಡ್ಡ ಬಿಳಿ ಮಚ್ಚೆ. ಬೆಳಕು ಓರೆಯಾಗಿ ಬಿದ್ದಾಗ ಆ ಬಿಳಿಯ ಸುತ್ತಲೂ ನೇರಳೆ ಮಿಶ್ರಿತ ನೀಲಿ ಮಿಂಚುತ್ತದೆ. ಗಂಡನ್ನೂ ಹೆಣ್ಣನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ ಎರಡು ಬೇರೆ ದೇಶದ ಚಿಟ್ಟೆಗಳಂತೆ ಕಾಣುತ್ತವೆ. ಇದರ ಅಕ್ಕನಂತಿರುವ ಗ್ರೇಟ್ ಎಗ್‌ಫ್ಲೈ ಚಿಟ್ಟೆಯ ಗಂಡೂ ಹೀಗೆಯೇ ಕಪ್ಪಾಗಿರುವುದರಿಂದ ಅಲ್ಲಿ ಇನ್ನೊಂದು ಎಚ್ಚರ ಬೇಕು. ಗ್ರೇಟ್ ಎಗ್‌ಫ್ಲೈ ಗಂಡಿನ ಹಿಂದಿನ ರೆಕ್ಕೆಯ ಅಂಚಿನುದ್ದಕ್ಕೂ ಸಣ್ಣ ಬಿಳಿ ಚುಕ್ಕೆಗಳ ಸಾಲು ಕಾಣುತ್ತದೆ, ಡಾನೈಡ್ ಎಗ್‌ಫ್ಲೈ ಗಂಡಿನ ಮೇಲ್ಮೈಯಲ್ಲಿ ಆ ಸಾಲು ಇರುವುದಿಲ್ಲ.

ಕೋಟೆಯ ನೆರಳು, ರಾಯಚೂರು

ನಾನು ಆತುರಪಟ್ಟು ಹೇಳಿದ್ದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಚುಕ್ಕೆಯ ಲೆಕ್ಕ ಅಷ್ಟು ಸರಳವಲ್ಲ. ನನ್ನ ಬಳಿ ಇರುವ ಹಳೆಯ ಹನ್ನೊಂದು ಚಿತ್ರಗಳನ್ನು ಈಗ ತೆರೆದು ನೋಡಿದೆ. ಐದರಲ್ಲಿ ಮೂರು ಚುಕ್ಕೆಗಳಿವೆ, ಐದರಲ್ಲಿ ನಾಲ್ಕು ಚುಕ್ಕೆಗಳಿವೆ, ಒಂದರಲ್ಲಿ ಹಿಂದಿನ ರೆಕ್ಕೆ ಕಾಣುವುದಿಲ್ಲ. ನಾಲ್ಕು ಚುಕ್ಕೆಯದು ಮೂರನೆಯ ಯಾವುದಾದರೂ ಜಾತಿಯೇ?

ಎಡದಂಡೆ ರೈತ, ಕಾರಟಗಿ

ನಾಲ್ಕು ಚುಕ್ಕೆಯದು ಪ್ಲೇನ್ ಟೈಗರಿನ ಗಂಡು, ಮೂರು ಚುಕ್ಕೆಯದು ಹೆಣ್ಣು. ನಾಲ್ಕನೆಯದನ್ನು ಚುಕ್ಕೆ ಎನ್ನುವುದಕ್ಕಿಂತ ಪರಿಮಳದ ಚೀಲ ಎನ್ನುವುದು ಸರಿ. ಗಂಡು ಹೆಣ್ಣನ್ನು ಒಲಿಸಿಕೊಳ್ಳುವಾಗ ಬಳಸುವ ವಾಸನೆಗೂ ಈ ಚೀಲಕ್ಕೂ ಸಂಬಂಧವಿದೆ. ಆ ವಾಸನೆಯನ್ನು ತಯಾರಿಸಲು ಬೇಕಾದ ಕಚ್ಚಾವಸ್ತು ಅದರ ಮೈಯಲ್ಲಿ ಹುಟ್ಟುವುದಿಲ್ಲ, ಗಿಡಗಳಿಂದ ತರಬೇಕು.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ನಾಟಿಗೆ ಮೊದಲು ಗದ್ದೆಯಲ್ಲಿ ಹಸಿರು ಗೊಬ್ಬರಕ್ಕೆಂದು ಸೆಣಬು ಬಿತ್ತುತ್ತೇವೆ. ಅದನ್ನು ಕಿತ್ತು ಬದುವಿನ ಮೇಲೆ ಹಾಕಿ ಬಾಡಲು ಬಿಟ್ಟ ಕಡೆ ಈ ಹುಲಿ ಚಿಟ್ಟೆಗಳು ಇಪ್ಪತ್ತು ಮೂವತ್ತು ಸೇರಿ, ಹೂವಿಲ್ಲದ ಒಣ ದಂಟನ್ನು ಹೀರುತ್ತಾ ಕುಳಿತಿರುತ್ತವೆ. ಕೈಯಿಂದ ತೆಗೆದಿಟ್ಟರೂ ಏಳುವುದಿಲ್ಲ. ಬಾಡಿದ ಸೆಣಬಿನಲ್ಲಿ ಏನು ರುಚಿ ಎಂದು ಬಹಳ ವರ್ಷ ಯೋಚಿಸಿದ್ದೆ. ಆ ಬಳಿಕ ತಿಳಿದವರೊಬ್ಬರು ಹೇಳಿದರು, ಸೆಣಬಿನಲ್ಲಿಯೂ ಚೇಳುಕೊಂಡಿ ಗಿಡದಲ್ಲಿಯೂ ಇರುವ ಒಂದು ಬಗೆಯ ಕಹಿ ಕ್ಷಾರವನ್ನು ಗಂಡುಗಳು ಹೀರಿಕೊಂಡು ಅದನ್ನೇ ಪರಿಮಳವನ್ನಾಗಿ ಮಾರ್ಪಡಿಸುತ್ತವೆ ಎಂದು. ಆದ್ದರಿಂದ ಅಲ್ಲಿ ಸೇರುವುದು ಬಹುಮಟ್ಟಿಗೆ ಗಂಡುಗಳೇ. ಮುಂದಿನ ಸಲ ಚುಕ್ಕೆ ಎಣಿಸಿ ನೋಡಿ.

ಬಿಸಿಲ ಬಳ್ಳಾರಿ

ಇಲ್ಲಿಯವರೆಗೆ ಗುರುತಿನ ಮಾತಾಯಿತು. ನನಗೆ ಅರ್ಥವಾಗದ ಸಂಗತಿ ಬೇರೆ. ಒಂದು ಚಿಟ್ಟೆಯ ಹೆಣ್ಣು ತನ್ನ ಜಾತಿಯ ಗಂಡನ್ನು ಹೋಲದೆ, ನೆಂಟಸ್ತಿಕೆಯೇ ಇಲ್ಲದ ಮತ್ತೊಂದು ಚಿಟ್ಟೆಯನ್ನು ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದಂತೆ ಹೋಲುವುದರಿಂದ ಅದಕ್ಕೆ ಆಗುವ ಲಾಭವೇನು? ಲಾಭವಿದೆ ಎನ್ನುವುದಾದರೆ ಗಂಡಿಗೆ ಅದು ಬೇಡವಾಯಿತೇ? ವೇಷ ಹಾಕುವುದು ಅಷ್ಟು ಒಳ್ಳೆಯದಾದರೆ ಮನೆಯವರೆಲ್ಲರೂ ಹಾಕಬೇಕಿತ್ತಲ್ಲವೇ?

ನಾರಿಹಳ್ಳದ ದಂಡೆ, ಸಂಡೂರು

ಮೊದಲ ಪ್ರಶ್ನೆಗೆ ಉತ್ತರ ಎಕ್ಕದ ಹಾಲಿನಲ್ಲಿದೆ. ಎಕ್ಕದಲ್ಲಿ ಹೃದಯದ ಬಡಿತವನ್ನೇ ಕೆಡಿಸುವ ವಿಷಗಳಿವೆ, ಅವನ್ನು ಕಾರ್ಡಿನೋಲೈಡ್ ಎನ್ನುತ್ತಾರೆ. ಆಡು ಕುರಿ ಮೇಯದ ಗಿಡ ಬಯಲಿನಲ್ಲಿ ಉಳಿಯುವುದು ಅದಕ್ಕೇ. ಪ್ಲೇನ್ ಟೈಗರಿನ ಮರಿ ಮಾತ್ರ ಆ ಎಲೆಯನ್ನೇ ತಿಂದು, ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಂಡು, ಕೋಶದಿಂದ ಚಿಟ್ಟೆಯಾಗಿ ಹೊರಬಂದ ಮೇಲೂ ಅದನ್ನು ಹೊತ್ತುಕೊಂಡಿರುತ್ತದೆ. ಹಕ್ಕಿ ಹಿಡಿದರೆ ಚಿಟ್ಟೆ ಸತ್ತಂತೆ ನಟಿಸುತ್ತದೆ, ಓಕರಿಕೆ ತರುವ ದ್ರವವನ್ನು ಸ್ರವಿಸುತ್ತದೆ. ಅದರ ಮೈ ತೊಗಲಿನಂತೆ ಗಟ್ಟಿ. ಕೊಕ್ಕಿನಿಂದ ಕಚ್ಚಿ ಉಗುಳಿದರೂ ಬಹಳ ಸಲ ಬದುಕಿ ಹಾರಿಹೋಗುತ್ತದೆ. ಒಮ್ಮೆ ಬಾಯಿ ಸುಟ್ಟುಕೊಂಡ ಹಕ್ಕಿ ಕಿತ್ತಳೆ, ಕಪ್ಪು, ಬಿಳಿ ಎಂಬ ಆ ಮೂರು ಬಣ್ಣಗಳ ಜೋಡಣೆಯನ್ನು ನೆನಪಿಟ್ಟುಕೊಳ್ಳುತ್ತದೆ. ಪ್ಲೇನ್ ಟೈಗರ್ ಅಷ್ಟು ನಿಧಾನವಾಗಿ, ಯಾರ ಹಂಗೂ ಇಲ್ಲದಂತೆ ಹಾರುವುದಕ್ಕೆ ಕಾರಣ ಇದೇ.

ಗೋಣಿ ಸೊಪ್ಪು ತಿಂದು ಬೆಳೆದ ಎಗ್‌ಫ್ಲೈ ಮೈಯಲ್ಲಿ ಈ ವಿಷವಿಲ್ಲ. ನಾವು ಪಲ್ಯ ಮಾಡಿ ಉಣ್ಣುವ ಸೊಪ್ಪಿನಿಂದ ಅದು ವಿಷವನ್ನು ತರುವುದಾದರೂ ಹೇಗೆ? ಆದರೆ ಅದೇ ಬಣ್ಣ ಧರಿಸಿದ್ದರಿಂದ, ಬಾಯಿ ಸುಟ್ಟುಕೊಂಡ ಹಕ್ಕಿ ಇದನ್ನೂ ಬಿಟ್ಟುಬಿಡುತ್ತದೆ. ಇಂಥ ಸೋಗನ್ನು ಮೊದಲು ಶಾಸ್ತ್ರೀಯವಾಗಿ ವಿವರಿಸಿದವನು ಹೆನ್ರಿ ವಾಲ್ಟರ್ ಬೇಟ್ಸ್. ಅಮೆಜಾನ್ ಕಾಡಿನಲ್ಲಿ ಹನ್ನೊಂದು ವರ್ಷ ಅಲೆದು ಚಿಟ್ಟೆಗಳನ್ನು ನೋಡಿದ ಅವನು 1862ರಲ್ಲಿ ಇದನ್ನು ಪ್ರಕಟಿಸಿದ. ಜೀವವಿಕಾಸದ ಬಗ್ಗೆ ಡಾರ್ವಿನ್ನನ ಗ್ರಂಥ ಬಂದು ಆಗ ಮೂರೇ ವರ್ಷವಾಗಿತ್ತು. ಇಂದಿಗೂ ಇದಕ್ಕೆ ಬೇಟ್ಸನ ಹೆಸರೇ ಇದೆ.

ಎರಡನೆಯ ಪ್ರಶ್ನೆಗೆ ವಿದ್ವಾಂಸರು ಎರಡು ಕಾರಣಗಳನ್ನು ಮುಂದಿಡುತ್ತಾರೆ. ಹೆಣ್ಣು ಮೊಟ್ಟೆಗಳ ಭಾರ ಹೊತ್ತು, ನೆಲದ ಹತ್ತಿರ ನಿಧಾನವಾಗಿ ಹಾರುತ್ತಾ ಗಿಡ ಹುಡುಕಬೇಕು. ಕುಕನೂರಿನ ಹಿತ್ತಿಲಿನಲ್ಲಿ ಕಂಡ ನಡವಳಿಕೆಯೇ ಅದು, ಹಕ್ಕಿಯ ಕಣ್ಣಿಗೆ ಅದಕ್ಕಿಂತ ಸುಲಭದ ತುತ್ತಿಲ್ಲ. ಗಂಡಿಗೆ ಆ ಕಷ್ಟವಿಲ್ಲ, ಅದು ಚುರುಕಾಗಿ ಹಾರಿ ತಪ್ಪಿಸಿಕೊಳ್ಳುತ್ತದೆ. ಎರಡನೆಯದಾಗಿ, ಗಂಡು ತನ್ನ ಬಣ್ಣದಿಂದಲೇ ಹೆಣ್ಣಿಗೂ ಎದುರಾಳಿ ಗಂಡುಗಳಿಗೂ ತನ್ನ ಗುರುತನ್ನು ತಿಳಿಸಬೇಕು. ವೇಷ ಹಾಕಿಕೊಂಡ ಗಂಡನ್ನು ಹಕ್ಕಿಯೂ ಮುಟ್ಟಲಿಕ್ಕಿಲ್ಲ, ಹೆಣ್ಣೂ ಮೂಸಲಿಕ್ಕಿಲ್ಲ.

ಇನ್ನೊಂದು ಮಾತಿದೆ. ಸೋಗಿನ ಚಿಟ್ಟೆಗಳ ಸಂಖ್ಯೆ ನಿಜವಾದವುಗಳಿಗಿಂತ ಹೆಚ್ಚಾದರೆ ಹಕ್ಕಿಗಳು ಈ ಬಣ್ಣ ರುಚಿಯೆಂದೇ ಕಲಿಯುತ್ತವೆ, ಸೋಗು ನಡೆಯುವುದಿಲ್ಲ. ಬಯಲಾಟದಲ್ಲಿ ಒಬ್ಬ ಸ್ತ್ರೀವೇಷದವನು ಮೆರೆಯುತ್ತಾನೆ. ಎಲ್ಲರೂ ಸ್ತ್ರೀವೇಷ ಹಾಕಿದರೆ ಆಟ ನಿಲ್ಲುತ್ತದೆ. ಅರ್ಧ ಮನೆಯವರು ಮಾತ್ರ ವೇಷ ಹಾಕುವುದರಿಂದ ಲೆಕ್ಕ ಹದದಲ್ಲಿರಲು ಅದೂ ನೆರವಾಗುತ್ತದೆ.

ಬಿಸಿಲ ಬಳ್ಳಾರಿ

ವಿವರಣೆ ಚೆನ್ನಾಗಿದೆ, ಆದರೆ ನನ್ನ ಕಣ್ಣಾರೆ ಕಂಡದ್ದು ಬೇರೆ. ಬಳ್ಳಾರಿ ಗುಡ್ಡದ ಹಿಂಬದಿಯಲ್ಲಿ ವಾಯುವಿಹಾರಕ್ಕೆ ಹೋದಾಗ, ತಂತಿಯ ಮೇಲೆ ಕುಳಿತ ಕಳ್ಳಿಪೀರ ಒಂದು ಕಿತ್ತಳೆ ಚಿಟ್ಟೆಯನ್ನು ಹಿಡಿದು, ತಂತಿಗೆ ಬಡಿದು, ರೆಕ್ಕೆ ಉದುರಿಸಿ ನುಂಗಿತು. ಕೆಳಗೆ ಬಿದ್ದ ರೆಕ್ಕೆಯನ್ನು ಎತ್ತಿ ನೋಡಿದ್ದೇನೆ, ಅದರಲ್ಲಿ ಮೂರು ಚುಕ್ಕೆಗಳಿದ್ದ ನೆನಪು ಚೆನ್ನಾಗಿದೆ. ಹಕ್ಕಿಗೆ ಏನೂ ಆಗಲಿಲ್ಲ. ಹಾಗಾದರೆ ವಿಷದ ಕಥೆ ಎಷ್ಟು ಮಟ್ಟಿಗೆ ನಿಜ?

ಪಾಠದ ಹಲಗೆ, ಲಿಂಗಸುಗೂರು

ಈ ಪ್ರಶ್ನೆಗೆ ನಾನು ಸ್ವಲ್ಪ ಓದಿಕೊಂಡು ಬಂದಿದ್ದೇನೆ. 1960ರ ದಶಕದಲ್ಲಿ ಅಮೆರಿಕದ ಲಿಂಕನ್ ಬ್ರೋವರ್ ಎಂಬ ವಿಜ್ಞಾನಿ ಪ್ಲೇನ್ ಟೈಗರಿನ ಹತ್ತಿರದ ನೆಂಟನಾದ ಮೊನಾರ್ಕ್ ಚಿಟ್ಟೆಯನ್ನು ನೀಲಿ ಜೇ ಹಕ್ಕಿಗಳಿಗೆ ತಿನ್ನಿಸಿ ನೋಡಿದರು. ವಿಷವಿರುವ ಹಾಲುಗಿಡ ತಿಂದು ಬೆಳೆದ ಚಿಟ್ಟೆಯನ್ನು ನುಂಗಿದ ಹಕ್ಕಿ ಸ್ವಲ್ಪ ಹೊತ್ತಿನಲ್ಲಿ ವಾಂತಿ ಮಾಡಿಕೊಂಡಿತು, ಮತ್ತೆ ಅಂಥ ಚಿಟ್ಟೆಯನ್ನು ಕಂಡರೆ ಮುಖ ತಿರುಗಿಸಿತು. ವಿಷವಿಲ್ಲದ ಆಹಾರ ಕೊಟ್ಟು ಬೆಳೆಸಿದ ಮೊನಾರ್ಕನ್ನು ಹಕ್ಕಿಗಳು ಸುಖವಾಗಿ ತಿಂದವು. ಅಂದರೆ ವಿಷ ಚಿಟ್ಟೆಯ ಹುಟ್ಟುಗುಣವಲ್ಲ, ಅದು ಮರಿಯಾಗಿದ್ದಾಗ ಯಾವ ಗಿಡ ತಿಂದಿತ್ತು ಎಂಬುದನ್ನು ಅವಲಂಬಿಸಿದೆ.

ಎಕ್ಕದ ಬಳಗದ ಎಲ್ಲ ಗಿಡಗಳಲ್ಲಿಯೂ ವಿಷ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ವಿಷ ಕಡಿಮೆಯಿರುವ ಬಳ್ಳಿಯನ್ನು ತಿಂದು ಬೆಳೆದ ಪ್ಲೇನ್ ಟೈಗರ್, ವಿಷವುಳ್ಳ ತನ್ನದೇ ಜಾತಿಯವರ ಹೆಸರಿನಲ್ಲಿ ಬದುಕುತ್ತದೆ. ಅದೂ ಒಂದು ಸೋಗೇ, ತನ್ನ ಜಾತಿಯೊಳಗಿನ ಸೋಗು. ನಿಮ್ಮ ಕಳ್ಳಿಪೀರಕ್ಕೆ ಸಿಕ್ಕದ್ದು ಅಂಥದ್ದೂ ಆಗಿರಬಹುದು. ಕಣಜ ಮತ್ತು ಜೇನ್ನೊಣಗಳ ಕೊಂಡಿಯನ್ನು ಉಜ್ಜಿ ತೆಗೆದು ತಿನ್ನುವ ಹಕ್ಕಿ ಅದು ಎಂಬುದನ್ನೂ ಮರೆಯುವಂತಿಲ್ಲ.

ಒಂದು ಸಣ್ಣ ಮಾತು, ವಿಷಯಕ್ಕೆ ಹೊರತಲ್ಲದ್ದರಿಂದ ಹೇಳುತ್ತೇನೆ. ಈಜಿಪ್ಟಿನ ಲಕ್ಸರ್ ಬಳಿ ನೆಬಾಮುನ್ ಎಂಬ ಅಧಿಕಾರಿಯ ಗೋರಿಯಲ್ಲಿದ್ದ, ಕ್ರಿಸ್ತಪೂರ್ವ 1350ರ ಆಸುಪಾಸಿನ ಭಿತ್ತಿಚಿತ್ರವೊಂದು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಜೊಂಡಿನ ನಡುವೆ ಹಕ್ಕಿಗಳ ಬೇಟೆಯ ದೃಶ್ಯ, ಅದರಲ್ಲಿ ಪ್ಲೇನ್ ಟೈಗರ್ ಚಿಟ್ಟೆಗಳನ್ನು ಬರೆದಿದ್ದಾರೆ. ಆ ಚಿತ್ರಗಾರನಿಗಾದರೂ ಹಿಂದಿನ ರೆಕ್ಕೆಯ ಚುಕ್ಕೆಗಳು ಕಂಡಿದ್ದವು, ನನಗೆ ನಾಲ್ಕು ವರ್ಷ ಕಾಣಲಿಲ್ಲ.

ಕೋಟೆಯ ನೆರಳು, ರಾಯಚೂರು

ಇನ್ನೊಂದು ಸಂದೇಹ. ನನ್ನ ಹಳೆಯ ಚಿತ್ರಗಳಲ್ಲಿ ಹಿಂದಿನ ರೆಕ್ಕೆ ಕಾಣದ ಆ ಒಂದರಲ್ಲಿ ಮುಂದಿನ ರೆಕ್ಕೆಯ ತುದಿಯೂ ಕಪ್ಪಾಗಿಲ್ಲ, ಇಡೀ ರೆಕ್ಕೆ ಕಿತ್ತಳೆಯಾಗಿ ಅಂಚಿನಲ್ಲಿ ಮಾತ್ರ ಕಪ್ಪಿದೆ. ಬಣ್ಣ ಮಾಸಿದೆ ಎಂದುಕೊಂಡಿದ್ದೆ.

ನಾರಿಹಳ್ಳದ ದಂಡೆ, ಸಂಡೂರು

ಮಾಸಿದ್ದಲ್ಲದೆಯೂ ಇರಬಹುದು. ಎಗ್‌ಫ್ಲೈ ಹೆಣ್ಣಿನಲ್ಲಿ ಒಂದೇ ವೇಷವಿಲ್ಲ. ಕಪ್ಪು ತುದಿಯ ವೇಷ ಸಾಮಾನ್ಯವಾದದ್ದು. ಕಪ್ಪು ತುದಿಯಿಲ್ಲದ ವೇಷಕ್ಕೆ ಇನಾರಿಯಾ ಎನ್ನುತ್ತಾರೆ, ಅದು ಭಾರತದಲ್ಲಿಯೂ ಕಾಣಸಿಗುತ್ತದೆ. ಪೂರ್ವ ಆಫ್ರಿಕಾದಲ್ಲಿ ಹೇರಳವಾಗಿರುವ, ತುದಿಯಲ್ಲಿ ಕಪ್ಪಿಲ್ಲದ ಪ್ಲೇನ್ ಟೈಗರಿನ ರೂಪವನ್ನು ಅದು ಹೋಲುತ್ತದೆ. ಹಿಂದಿನ ರೆಕ್ಕೆ ಬೆಳ್ಳಗಿರುವ ಮೂರನೆಯ ವೇಷವೂ ಒಂದಿದೆ. ಆದರೆ ಹಿಂದಿನ ರೆಕ್ಕೆ ಕಾಣದ ಚಿತ್ರದಿಂದ ನಾನು ತೀರ್ಪು ಕೊಡಲಾರೆ. ಅಂಚು ಅಲೆಅಲೆಯಾಗಿದೆಯೇ ಎಂಬುದನ್ನು ಚಿತ್ರವನ್ನು ದೊಡ್ಡದು ಮಾಡಿ ನೋಡಿ.

ಹಿತ್ತಿಲ ಮಡಿ, ಕುಕನೂರು

ಒಂದು ಸಿಹಿ ಸುದ್ದಿ ಮತ್ತು ಒಂದು ಪ್ರಶ್ನೆ. ನಿನ್ನೆ ಕಪ್ಪು ಗಂಡನ್ನು ನೋಡಿದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ರೆಕ್ಕೆ ಬಿಚ್ಚಿ ಕುಳಿತಿತ್ತು, ಅತ್ತ ಯಾವ ಚಿಟ್ಟೆ ಸುಳಿದರೂ ಅಟ್ಟಿಸಿಕೊಂಡು ಹೋಗಿ ಮರಳಿ ಅದೇ ಕಲ್ಲಿಗೆ ಬರುತ್ತಿತ್ತು. ಒಂದು ಸಲ ತುಂಬೆಹೂವಿಗೆ ಬಂದ ದುಂಬಿಯನ್ನೂ ಓಡಿಸಿತು. ನೇರಳೆ ಮಿಂಚು ನೀವು ಹೇಳಿದಂತೆಯೇ ಓರೆ ಬೆಳಕಿನಲ್ಲಿ ಮಾತ್ರ ಕಂಡಿತು.

ಗೋಣಿ ಸೊಪ್ಪಿನಲ್ಲಿ ಮರಿಗಳೂ ಹೊರಬಂದಿವೆ. ಪ್ರಶ್ನೆ ಏನೆಂದರೆ, ನಮ್ಮ ಮನೆಯಲ್ಲಿ ಈ ವಾರ ಆ ಸೊಪ್ಪನ್ನು ಕೊಯ್ದು ಬೇಳೆಗೆ ಹಾಕಬೇಕೆಂದು ಅತ್ತೆಯವರು ಹೇಳುತ್ತಿದ್ದಾರೆ. ಅದಕ್ಕೆ ಮೊದಲು ಮರಿಗಳನ್ನು ಗಾಜಿನ ಭರಣಿಗೆ ಹಾಕಿ ಸಾಕಿದರೆ ಆಗುವುದೇ?

ನಾರಿಹಳ್ಳದ ದಂಡೆ, ಸಂಡೂರು

ಭರಣಿಗೆ ಹಾಕಬೇಡಿ. ಇದು ನನ್ನ ಇಷ್ಟದ ಮಾತಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಹುಲಿ ಮತ್ತು ಕರಡಿ ಇರುವ ಪಟ್ಟಿಯಲ್ಲಿ, ಈ ಚಿಟ್ಟೆಯ ಹೆಸರು ದಶಕಗಳ ಕಾಲ ಇತ್ತು. ದರೋಜಿಯ ಕರಡಿಗೆ ಇದ್ದ ರಕ್ಷಣೆಯೇ ನಿಮ್ಮ ಬಚ್ಚಲ ಮಡಿಯ ಚಿಟ್ಟೆಗೂ ಇತ್ತು ಎಂದರೆ ಕೇಳಿದವರು ನಗುತ್ತಾರೆ, ಆದರೆ ಕಾಗದದ ಮೇಲೆ ಹಾಗೆಯೇ ಇತ್ತು. ಹಿಡಿಯದೆ, ಇರುವಲ್ಲಿಯೇ ನೋಡುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಅರ್ಧ ಮಡಿಯನ್ನು ಕೊಯ್ಯಿರಿ, ಮರಿಗಳಿರುವ ಅರ್ಧವನ್ನು ಬಿಡಿ.

ಮರಿಯನ್ನು ನೋಡಿ ಹೆದರಬೇಡಿ. ಕಪ್ಪು ಮೈ, ಮೈತುಂಬ ಕವಲೊಡೆದ ಮುಳ್ಳು, ಕೆಂಪಗಿನ ತಲೆಯ ಮೇಲೆ ಎರಡು ಉದ್ದನೆಯ ಕೊಂಬು. ಇದೇ ಹೊತ್ತಿನಲ್ಲಿ ಬೇಲಿಯ ಎಕ್ಕದ ಎಲೆಯ ಅಡಿಯನ್ನೂ ನೋಡಿದರೆ ಎರಡನ್ನೂ ಹೋಲಿಸಬಹುದು. ಪ್ಲೇನ್ ಟೈಗರಿನ ಮರಿಯಲ್ಲಿ ಮುಳ್ಳಿಲ್ಲ. ನುಣುಪಾದ ಮೈಯ ಮೇಲೆ ಕಪ್ಪು, ಬಿಳಿ, ಹಳದಿಯ ಬಳೆಗಳಿದ್ದು, ಬೆನ್ನಿನ ಮೇಲೆ ಮೂರು ಜೊತೆ ಕರಿಯ ಮೆತ್ತನೆಯ ಕೊಂಬುಗಳಿರುತ್ತವೆ. ಎರಡರ ಚಿಟ್ಟೆಗಳು ಒಂದೇ ಅಚ್ಚಿನಲ್ಲಿ ಹೊಯ್ದಂತಿದ್ದರೂ ಮರಿಗಳಲ್ಲಿ ಲವಲೇಶದ ಹೋಲಿಕೆಯೂ ಇಲ್ಲ.

ಎಡದಂಡೆ ರೈತ, ಕಾರಟಗಿ

ಎಕ್ಕದ ಮರಿಯನ್ನು ನೋಡುವಾಗ ಇನ್ನೊಂದನ್ನು ಗಮನಿಸಿ. ಅದು ಎಲೆಯನ್ನು ಹಾಗೆಯೇ ತಿನ್ನಲು ಹೊರಡುವುದಿಲ್ಲ. ಮೊದಲು ಎಲೆಯಲ್ಲಿ ಹಾಲು ಹರಿಯುವ ನರಗಳನ್ನು ಕಚ್ಚಿ, ಹಾಲು ಬಸಿದುಹೋಗಲು ಬಿಟ್ಟು, ಆಮೇಲೆ ಅದರಾಚೆಯ ಭಾಗವನ್ನು ತಿನ್ನುತ್ತದೆ. ಇಲ್ಲವಾದರೆ ಅಂಟುಹಾಲಿನಲ್ಲಿ ಎಳೆಯ ಮರಿಯ ಬಾಯಿಯೇ ಕಟ್ಟಿಹೋಗುತ್ತದೆ. ಎಲೆ ಮುರಿಯುವ ಮಕ್ಕಳಿಗೆ ಆ ಹಾಲು ಕಣ್ಣಿಗೆ ತಾಗದಂತೆ ಹೇಳಿ, ಬಹಳ ಅಪಾಯ.

ನಮ್ಮ ಕಡೆ ಒಬ್ಬರ ಮನೆ ಹಾಳಾಗಲಿ ಎಂದು ಶಪಿಸುವಾಗ ಎಕ್ಕ ಹುಟ್ಟಿ ಹೋಗಲಿ ಎನ್ನುತ್ತಾರೆ. ಅದೇ ಎಕ್ಕದ ಎಲೆಯ ಹಾರವನ್ನು ಶನಿವಾರ ಹನುಮಪ್ಪನಿಗೆ ಹಾಕುತ್ತೇವೆ, ರಥಸಪ್ತಮಿಯ ದಿನ ಏಳು ಎಲೆಗ‍ಳನ್ನು ಮೈಮೇಲಿಟ್ಟುಕೊಂಡು ಸ್ನಾನ ಮಾಡುತ್ತೇವೆ. ಆನೆಗೊಂದಿಯ ಕಡೆ ಶನಿವಾರ ಹಾರಕ್ಕೆಂದು ಎಲೆ ಕೊಯ್ಯುವವರು ಎಲೆಯ ಅಡಿ ಒಮ್ಮೆ ನೋಡಿದರೆ ಸಾಕು, ಮೊಟ್ಟೆ ಒಂಟಿಯಾಗಿ, ಬೆಳ್ಳಿಯ ಮಣಿಯಂತೆ ಅಂಟಿಕೊಂಡಿರುತ್ತದೆ.

ಗೋಣಿ ಸೊಪ್ಪಿಗೆ ಹಾರ ಹಾಕುವವರಿಲ್ಲ. ಹತ್ತಿಯ ಸಾಲಿನಲ್ಲಿ ಅದು ಕಳೆ, ಕಳೆನಾಶಕಕ್ಕೆ ಮೊದಲು ಸಾಯುವುದೂ ಅದೇ. ಹತ್ತು ವರ್ಷದ ಹಿಂದೆ ನನ್ನ ಹೊಲದ ಬದುವಿನಲ್ಲಿ ಕಪ್ಪು ಗಂಡುಗಳು ಪ್ರತಿ ಕಲ್ಲಿಗೊಂದರಂತೆ ಕುಳಿತಿರುತ್ತಿದ್ದವು. ಈಗ ಔಷಧಿ ಹೊಡೆಯದ ಕಾಲುವೆಯ ಏರಿಯ ಮೇಲೆ ಮಾತ್ರ ಸಿಗುತ್ತವೆ. ಹೊಡೆದವರಲ್ಲಿ ನಾನೂ ಒಬ್ಬ.

ಹಿತ್ತಿಲ ಮಡಿ, ಕುಕನೂರು

ಮೂರು ವಾರಗಳ ಮೇಲೆ ಬರೆಯುತ್ತಿದ್ದೇನೆ. ಮರಿಯನ್ನು ತೋರಿಸಿದ ಮೇಲೆ ಅತ್ತೆಯವರೇ ಅರ್ಧ ಮಡಿಯ ಸುತ್ತ ನಾಲ್ಕು ಕಲ್ಲು ಇಟ್ಟು, ಇದರೊಳಗೆ ಯಾರೂ ಕೈ ಹಾಕಬಾರದು ಎಂದರು. ಮರಿಗಳು ಎಲೆಗಳನ್ನು ಮುಗಿಸಿ ದಂಟನ್ನೂ ಬಿಡಲಿಲ್ಲ. ಆಮೇಲೆ ಒಂದೊಂದಾಗಿ ಮಾಯವಾದವು. ಎಷ್ಟು ಹುಡುಕಿದರೂ ಸಿಗಲಿಲ್ಲ, ಇರುವೆಗಳ ಪಾಲಾದವು ಎಂದುಕೊಂಡೆ. ಮೊನ್ನೆ ಒಗೆಯುವ ಕಲ್ಲನ್ನು ಸರಿಸಿದಾಗ ಅದರ ಕೆಳಸಂದಿಯಲ್ಲಿ ಕಂದು ಬಣ್ಣದ, ಒಣಗಿದ ಎಲೆಯ ಚೂರಿನಂಥ ಎರಡು ಕೋಶಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ಒಂದು ಬರಿದಾಗಿತ್ತು. ಇನ್ನೊಂದರಿಂದ ಈ ದಿನ ಬೆಳಿಗ್ಗೆ ಒಂದು ಹೆಣ್ಣು ಹೊರಬಂದು, ಕಲ್ಲಿನ ಅಂಚಿಗೆ ಜೋತುಬಿದ್ದು ರೆಕ್ಕೆ ಒಣಗಿಸಿಕೊಂಡಿತು. ಒಂದೇ ಮಚ್ಚೆ, ಅಲೆಅಲೆಯ ಅಂಚು.

ಅದು ಹಾರಿಹೋದ ದಿಕ್ಕಿನಲ್ಲಿ ಬೇಲಿಯ ಎಕ್ಕದ ಹೂವಿನ ಮೇಲೆ ಕಿತ್ತಳೆ ಚಿಟ್ಟೆಯೊಂದು ಕುಳಿತಿತ್ತು. ಅದೇ ಇರಬೇಕೆಂದು ಹತ್ತಿರ ಹೋಗಿ ಎಣಿಸಿದೆ. ನಾಲ್ಕು ಚುಕ್ಕೆಗಳಿದ್ದವು.